ಸಾಲಿನಲ್ಲಿದ್ದ ಹಳದಿ ಕ್ಯಾನು

ನಗೋರು ನಕ್ಕೊಳ್ಳಿ. ಗ್ಬೊಕೊ ರಸ್ತೆಯ ಹೆರಿಗೆ ಆಸ್ಪತ್ರೇಲಿ ಹದಿನೆಂಟು ವರ್ಷ ಆಯಾ ಆಗಿ ದುಡಿದವಳು ನಾನು, ಸುಳ್ಳು ಹೇಳಿ ನನಗೇನಾಗಬೇಕು? ಇದು ನನ್ನ ಚಿಕ್ಕಪ್ಪನ ಮಗ ಟೆರ್ಕುಲನಿಗೆ ಆದದ್ದು.

ಅವನು ಮೊದಲು ಪೆಟ್ರೋಲ್ ಬಂಕಲ್ಲಿದ್ದ. ಪೆಟ್ರೋಲ್ ಸಿಗದ ದಿನಗಳಲ್ಲಿ ನಾವು ಕ್ಯಾನು ಸಾಲಿಗಿಟ್ಟು ಮನೆಗೆ ಹೋಗ್ತಿದ್ವಿ. ಕ್ಯಾನು ನಿಂತರೆ ನಾವೇ ನಿಂತ ಹಾಗೆ, ಯಾರೂ ಮುಟ್ಟೋ ಹಾಗಿಲ್ಲ. ಒಂದು ರಾತ್ರಿ ಕ್ವಾಗ್ದೂ ಅನ್ನೋ ಮುದುಕಿಯ ಹಳದಿ ಕ್ಯಾನು ಎಲ್ಲರಿಗಿಂತ ಮುಂದಿತ್ತು. ಅವಳ ಮಗಳು ನಮ್ಮ ಆಸ್ಪತ್ರೇಲಿ ಹೆರಿಗೆ ನೋವು ತಿಂತಿದ್ದಳು, ಪೆಟ್ರೋಲ್ ಮುಗಿದು ಜನರೇಟರ್ ಆರಿತ್ತು. ಟೆರ್ಕುಲ ಯಾವನೋ ಕಾರಿನವನಿಗೋಸ್ಕರ ಆ ಕ್ಯಾನನ್ನ ಕಾಲಲ್ಲಿ ತಳ್ಳಿ ಕೊನೆಗಿಟ್ಟ. ಆಮೇಲೆ "ಪೆಟ್ರೋಲ್ ಇಲ್ಲ ಅಜ್ಜಿ, ಮುಗೀತು" ಅಂದ. ತಾಯಿ, ಮಗು ಇಬ್ಬರೂ ಕತ್ತಲಲ್ಲೇ ಹೋದರು. ಆ ವರ್ಷವೇ ಮುದುಕಿಯೂ ಹೋದಳು. ಇವನನ್ನ ಒಬ್ಬರೂ ಕೇಳಲಿಲ್ಲ.

ಬಂಕ್ ಮುಚ್ಚಿತು. ಊರವರೇ ಸೇರಿ ಅದರ ಚಾವಣಿಗೆ ಸೋಲಾರ್ ಹಾಕಿಸಿದರು. ಪಂಪಿದ್ದ ಜಾಗದಲ್ಲಿ ಈಗ ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು. ಆಸ್ಪತ್ರೆಯ ಜನರೇಟರ್ ಗುಜರಿಗೆ ಹೋಯ್ತು, ನಮ್ಮ ದೀಪ ಉರಿಯೋದೂ ಅಲ್ಲಿ ಚಾರ್ಜಾದ ಬ್ಯಾಟರಿಯಲ್ಲೇ. ಸೋಲಾರಿಗೆ ಕಾವಲು ಯಾರು? ಇವನೇ! ಥೂ.

ಹೋದ ವರ್ಷ ಒಂದು ರಾತ್ರಿ ಇವನ ಹೆಂಡತಿ ಇವೆರೆನ್‌ಗೆ ಹೆರಿಗೆ ನೋವು ಶುರುವಾಗಿ ನಮ್ಮಲ್ಲಿಗೇ ಕರೆತಂದ. ನಮ್ಮ ದೀಪ ಮಂಕಾಗ್ತಾ ಬಂತು.

"ಓಡೋ, ಚಾರ್ಜಾಗಿರೋ ಬ್ಯಾಟರಿ ತಗೊಂಡು ಬಾ!" ಅಂದೆ.

ದಾರೀಲಿರೋ ಬಾವಿ ದಾಟಿ ಹೋದ. ಬಂಕಲ್ಲಿ ಕತ್ತಲು... ಆಸ್ಪತ್ರೆಯ ಬ್ಯಾಟರಿಯನ್ನ ಸಂಜೆ ತಾನೇ ಸಾಲಿನ ಮೊದಲಿಗಿಟ್ಟಿದ್ದ. ತಡವಿದಾಗ ಕೈಗೆ ಅದರ ಹಿಡಿಕೆ ಸಿಕ್ಕಿತು, ಎತ್ತಿದ. ಬೆನ್ನ ಹಿಂದೆ ಪಿಸುದನಿ...

"ಮಗಾ... ನನ್ನ ಸರದಿ ಬಂತಾ?"

"ಇಲ್ಲಿ... ಪೆಟ್ರೋಲ್ ಇಲ್ಲ ಅಜ್ಜಿ."

"ಆವತ್ತೂ ಹಾಗೇ ಅಂದೆ."

ಓಡಿದ. ಬಾವಿ ಹತ್ತಿರ ಕೈಯಲ್ಲಿದ್ದದ್ದು ಸದ್ದು ಮಾಡ್ತು. ಗುಳುಕ್... ಗುಳುಕ್... ಬಗ್ಗಿ ನೋಡೋ ಧೈರ್ಯವಾಗಲಿಲ್ಲ.

ಬಾಗಿಲಲ್ಲಿ ಇಸ್ಕೊಂಡವಳು ನಾನು. ಟಾರ್ಚ್ ಹಾಕಿದೆ... ಹಳದಿ ಕ್ಯಾನು. ಬಾಯಿತನಕ ಪೆಟ್ರೋಲ್.

"ಇದನ್ನ ಯಾವುದಕ್ಕೆ ಹಾಕಲೋ ನಾನು?" ಅಂತ ಕಿರುಚಿಕೊಂಡೆ.

ಮತ್ತೆ ಓಡಿದ. ಬ್ಯಾಟರಿ ಸಾಲಿನ ಕಟ್ಟಕಡೆಗಿತ್ತಂತೆ. ತರೋ ಹೊತ್ತಿಗೆ ಮಗು ಹೋಗಿತ್ತು. ಇವೆರೆನ್ ಉಳಿದಳು, ಅವನ ಜೊತೆ ಮಾತು ಬಿಟ್ಟಿದ್ದಾಳೆ. ಅವನನ್ನ ಕಂಡರೆ ನನಗೂ ಮೈ ಉರಿಯುತ್ತೆ. ಆದರೆ ಮುದುಕಿ ಮೇಲೂ ಸಿಟ್ಟಿದೆ ನನಗೆ. ಆ ಕೂಸು ಯಾರ ಸರದಿ ತಪ್ಪಿಸಿತ್ತು ಹೇಳಿ?

ಬಂಕಿನ ಟ್ಯಾಂಕಿಗೆ ಮಣ್ಣು ತುಂಬಿ ಮೂರು ವರ್ಷವಾಯ್ತು. ನಂಬದಿದ್ದರೆ ನಾಳೆ ಬನ್ನಿ, ಕ್ಯಾನು ಆಸ್ಪತ್ರೆ ಹಿಂದೆ ಬಿಸಿಲಲ್ಲೇ ಇದೆ. ಮೂಸಿ ನೋಡಿ. ಮುಚ್ಚಳ ಇಲ್ಲ ಅದಕ್ಕೆ... ವರ್ಷವಾದರೂ ಪೆಟ್ರೋಲ್ ಒಂದು ಬೆರಳಷ್ಟೂ ಇಳಿದಿಲ್ಲ.