ಅಕ್ಕ ಬರಲ್ಲ ಅಂದಳಂತೆ

೨೦೧೯ರ ಆಗಸ್ಟ್ ೧೭, ಶನಿವಾರ. ಅಂದು ನನ್ನ ಡೈರಿಯಲ್ಲಿ ಬರೆದದ್ದು ಇಷ್ಟೇ: "ಸಂಜೆ ಮಳೆ. ಪಕ್ಕದ ಮನೆ ಬೀರಮ್ಮ ಟೂತ್‌ಪೇಸ್ಟ್ ಕೇಳಿಕೊಂಡು ಬಂದಳು. ಹೊಸ ಟ್ಯೂಬ್ ಕೊಟ್ಟೆ." ಎರಡು ದಿನ ಬಿಟ್ಟು ಇನ್ನೊಂದು ಸಾಲು: "ಬೀರಮ್ಮನ ಚಿಕ್ಕ ಮಗಳಿಗೆ ಜ್ವರವಂತೆ." ಹೋಗಿ ನೋಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬೀರಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರಾಣಿ, ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಚಿಕ್ಕವಳು ಅನುಶ್ರೀ, ಒಂಬತ್ತು ವರ್ಷ. ರಾಣಿಗೆ ಮನೆಯಿಂದ ಫೋನು ಬಂದದ್ದು ೨೨ನೇ ತಾರೀಖು ಮಧ್ಯಾಹ್ನ. ಹಿಂದಿನ ರಾತ್ರಿ ಅನು ಹಂಡೆಯ ಬಿಸಿನೀರು ಮೈಮೇಲೆ ಚೆಲ್ಲಿಕೊಂಡಳು, ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಹೋಗಿಬಿಟ್ಟಳು ಎಂದರು. ರಾಣಿ ಊರು ಮುಟ್ಟುವ ಹೊತ್ತಿಗೆ ಮಣ್ಣು ಮುಚ್ಚಿಯಾಗಿತ್ತು. ತಂಗಿಯ ಮುಖವನ್ನೂ ಅವಳು ನೋಡಲಿಲ್ಲ.

ಮುಂದಿನ ತಿಂಗಳು ಮಹಾಲಯ ಅಮಾವಾಸ್ಯೆ. ಅನುವಿಗೆ ಇಡುವ ಮೊದಲ ಎಡೆ. ಡ್ಯೂಟಿ ಮುಗಿಸಿ ಹೊರಟ ರಾಣಿ ಬಿಳಿಕೆರೆಯಲ್ಲಿ ಬಸ್ಸಿಳಿದಾಗ ರಾತ್ರಿ ಎಂಟೂವರೆ. ಬ್ಯಾಗಿನಲ್ಲಿ ಅನು ಇಷ್ಟಪಡುತ್ತಿದ್ದ ಬೆಣ್ಣೆ ಬಿಸ್ಕತ್ತು. ಊರಿಗೆ ಎರಡು ಕಿಲೋಮೀಟರ್ ಮಣ್ಣುದಾರಿ. ಅಮಾವಾಸ್ಯೆಯ ಕತ್ತಲು... ಕೈಯಲ್ಲಿ ಮೊಬೈಲಿನ ಬೆಳಕು.

ಹಳೇ ಬಾವಿಯ ಹತ್ತಿರ ಬಂದಾಗ ಸದ್ದು ಕೇಳಿತು. ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆ ಬಾವಿಯ ರಾಟೆ ಕಳಚಿ ಹತ್ತು ವರ್ಷವಾಗಿದೆ. ರಾಣಿ ನಿಲ್ಲಲಿಲ್ಲ. ಹಿಂದಿನಿಂದ ಇನ್ನೊಂದು ಸದ್ದು... ಪಚ್... ಪಚ್... ಒದ್ದೆ ಕಾಲು ಮಣ್ಣು ಮೆಟ್ಟುವ ಹಾಗೆ. ಅವಳು ನಡೆದರೆ ನಡೆಯುತ್ತದೆ. ನಿಂತರೆ ನಿಲ್ಲುತ್ತದೆ.

ಆಮೇಲೆ ವಾಸನೆ. ಸುಟ್ಟ ವಾಸನೆಯಲ್ಲ. ತಣ್ಣನೆಯ, ಬೆಳಗ್ಗೆ ಹಲ್ಲುಜ್ಜುವಾಗ ಬರುತ್ತದಲ್ಲ, ಟೂತ್‌ಪೇಸ್ಟಿನ ವಾಸನೆ...

ಬ್ಯಾಗಿನ ಪಟ್ಟಿಯನ್ನು ಯಾರೋ ಮೆಲ್ಲಗೆ ಹಿಡಿದರು.

"ಅಕ್ಕಾ... ಯಾಕ್ ಬರ್ನಿಲ್ಲ ನೀನು?"

ಆ ದನಿ ರಾಣಿಗೆ ಗೊತ್ತು.

"ಐದ್ ದಿನ ಕಾದೆ ಕಣಕ್ಕ. ಅವ್ವ ಪೋನ್ ಮಾಡಿದ್ಲಂತೆ. ನೀನು ಬರಲ್ಲ ಅಂದ್ಯಂತೆ."

"ಯಾರೂ ಪೋನ್ ಮಾಡ್ನಿಲ್ಲ ಕಣೆ," ಎಂದು ಪಿಸುಗುಟ್ಟಿದಳು ರಾಣಿ. "ನಿನ್ನಾಣೆ... ನಂಗೆ ಗೊತ್ತೇ ಇರ್ನಿಲ್ಲ."

ಪಟ್ಟಿ ಸಡಿಲವಾಯಿತು. ಪಚ್... ಪಚ್... ಸದ್ದು ಬಾವಿಯ ಕಡೆಗೆ ಹೋಯಿತು.

ಮನೆಗೆ ಬಂದ ರಾಣಿ ಚಪ್ಪಲಿಯನ್ನೂ ಬಿಡಲಿಲ್ಲ. ಎಡೆಯ ಮುಂದೆ ಕೂತಿದ್ದ ಅವ್ವನನ್ನು ಒಂದೇ ಮಾತು ಕೇಳಿದಳು. "ಅನು ಎಷ್ಟು ದಿನ ಇದ್ಲವ್ವ?"

ಬೀರಮ್ಮ ಮೊದಲು ಏನೇನೋ ಹೇಳಿದಳು. ರಾಣಿ ಟೂತ್‌ಪೇಸ್ಟಿನ ವಾಸನೆಯ ಮಾತೆತ್ತಿದಾಗ ತಲೆ ತಗ್ಗಿಸಿದಳು. ಆಮೇಲೆ ಒಂದೊಂದೇ ಹೊರಗೆ ಬಂತು. ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಒಣಸೌದೆಯೆಲ್ಲ ಬ್ಯಾರನ್ನಿನ, ಅಂದರೆ ಸೊಪ್ಪು ಒಣಗಿಸುವ ಮನೆಯ, ಒಲೆಗೆ. ಮನೆಯ ಹಂಡೆಗೆ ಉಳಿಯುವುದು ಹಸಿಸೌದೆ. ಅದು ಹತ್ತದಿದ್ದರೆ ಪಂಪ್‌ಸೆಟ್ಟಿನ ಡೀಸೆಲ್ಲನ್ನು ಒಂದು ಲೋಟ ಸುರಿಯುವುದು, ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಅಂದು ಬೀರಮ್ಮ ಮಗಳಿಗೆ ಹಾಗೇ ಹೇಳಿದ್ದಳು. ಒಳಗೆ ಕೆಂಡ ಇತ್ತು. ಮಗು ಸುರಿಯಿತು... ಭಗ್ ಅಂತು.

ಮುಖ, ಎದೆ, ಎರಡು ಕೈ. ನೀರು ಸುರಿದರೆ ಬೊಬ್ಬೆ ಬರುತ್ತದೆಂದು ನೀರು ಹಾಕಲಿಲ್ಲ. ಟೂತ್‌ಪೇಸ್ಟ್ ಬಳಿದರು. ಆಸ್ಪತ್ರೆಯೆಂದರೆ ಪೊಲೀಸರು ಬಂದು ಬರೆದುಕೊಳ್ಳುತ್ತಾರೆಂಬ ಭಯ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಕಾಂತರಾಜು ಒಲೆಯ ಮುಂದಿನಿಂದ ಏಳಲಿಲ್ಲ.

"ಬ್ಯಾರನ್ನಲ್ಲಿ ಸೊಪ್ಪು ಬಣ್ಣಕ್ಕೆ ಬಂದಿತ್ತು ಕಣವ್ವ. ಬೆಂಕಿ ಬುಟ್ಟು ಯಾರು ಓಗದು? ನಾಳೆ ನಾಳೆ ಅಂದ್ಕೊಂಡು..." ಬೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನಕ್ಕ ನರ್ಸು, ಅಕ್ಕನ್ ಕರಿ ಅಂತ ಒಂದೇ ಸಮ ಅಳೋಳು. ನೀನ್ ಬಂದ್ರೆ ಆಸ್ಪತ್ರೆಗೆ ಎತ್ಕೊಂಡ್ ಓಗ್ತಿದ್ದೆ. ಅದ್ಕೇ... ಅಕ್ಕ ಬರಲ್ಲ ಅಂದ್ಲು ಅಂದ್ಬುಟ್ಟೆ."

ರಾಣಿ ಬ್ಯಾಗನ್ನು ಮತ್ತೆ ಹೆಗಲಿಗೇರಿಸಿದಳು.

"ಆಮೇಕೆ ಅಳ್ನಿಲ್ಲ ಅವ್ಳು," ಎಂದಳು ಬೀರಮ್ಮ.

ಆ ರಾತ್ರಿಯೇ ರಾಣಿ ನಮ್ಮ ಬಾಗಿಲು ತಟ್ಟಿ ಇದನ್ನೆಲ್ಲ ಹೇಳಿದಳು. "ದೊಡ್ಡಮ್ಮ, ನೀವು ದಿನಾ ಬರೆಯೋ ಡೈರಿ ತೋರ್ಸಿ," ಎಂದಳು. ತೋರಿಸಿದೆ. ೧೭ರ ಸಾಲು, ೧೯ರ ಸಾಲು, ಅನು ಹೋದಳೆಂದು ಬರೆದ ೨೨ರ ಸಾಲು. ಬೆರಳಿಟ್ಟು ದಿನ ಎಣಿಸಿದಳು. ಐದು. ಅದನ್ನು ಅವಳಿಗೆ ಬಾವಿಯ ಹತ್ತಿರ ಹೇಳಿದವರು ಯಾರು? ಆ ಐದು ದಿನದ ಸುದ್ದಿ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ, ಅವಳ ಅವ್ವ ಮತ್ತು ಅಪ್ಪ.

ನೀವು ನಂಬಿ, ಬಿಡಿ. ಆ ರಾತ್ರಿ ಬರೆದದ್ದು ನನ್ನ ಬಳಿ ಇದೆ. ಬ್ಯಾಗನ್ನು ದೀಪದ ಕೆಳಗೆ ಹಿಡಿದು ನಾನೇ ನೋಡಿದ್ದೇನೆ.

ಆ ಸಲದ ಸೊಪ್ಪು ಒಳ್ಳೆಯ ಬಣ್ಣ ಬಂತು, ಒಂದೆಲೆಯೂ ಕೆಡಲಿಲ್ಲ. ಅದಕ್ಕೆ ಹೋದದ್ದು ಒಂಬತ್ತು ವರ್ಷದ ಅನುಶ್ರೀ. ಅಂದಿನಿಂದ ರಾಣಿ ಆ ಮನೆಯ ಹೊಸ್ತಿಲು ತುಳಿದಿಲ್ಲ, ಬೀರಮ್ಮನನ್ನು ಅವ್ವ ಎಂದು ಕರೆದಿಲ್ಲ. ಊರಿಗೆ ಬಂದರೆ ನಮ್ಮ ಮನೆಯಲ್ಲೇ ಉಳಿಯುತ್ತಾಳೆ. ಆ ಬ್ಯಾಗು ನಮ್ಮ ಬೀರುವಿನಲ್ಲಿದೆ. ಪಟ್ಟಿಯ ಮೇಲೆ ಒಣಗಿದ ಬಿಳಿ ಗುರುತು ನಾಲ್ಕಿವೆ, ಚಿಕ್ಕ ಬೆರಳಿನವು.