ಗೋಡೆಗೆ ಏರಿಸಿದ ಮಣ್ಣು

...ಅಲ್ಲ, ನಾನು ಇಳೀಬೇಕಾಗಿದ್ದ ಜಡೆ ಊರು ಹಿಂದೆನೇ ಉಳಿದುಬಿಟ್ಟಿತ್ತಂತೆ! ಹುಲ್ಲಿನ ಹೊರೆ ಹೊತ್ಕೊಂಡು ಎದುರಿಗೆ ಬರ್ತಿದ್ದವಳನ್ನ ಕೇಳ್ದೆ, "ಏನವ್ವಾ, ಮೇಸ್ತ್ರಿ ಗುತ್ಯಪ್ಪನ ಮನೆ ಇತ್ಲಾಗಾ?" ಅವಳು ನನ್ನ ಮೇಲಿಂದ ಕೆಳಗೆ ನೋಡಿ, "ಊರು ದಾಟಿ ಬಂದ್ರಲ್ರೀ, ಬಸ್ಸಲ್ಲಿ ನಿದ್ದೆ ಹೊಡೆದ್ರಾ?" ಅಂದ್ಳು. ಯಾತ್ರೆ ಬಸ್ಸಲ್ಲಿ ಅಡುಗೆಯವಳಾಗಿ ಕಾಶಿ, ಪುರಿ, ಹರಿದ್ವಾರ ಸುತ್ತಿದವಳು ನಾನು. ಶಿಕಾರಿಪುರದಿಂದ ಸೊರಬ, ಸೊರಬದಿಂದ ಜಡೆ, ಇಷ್ಟಕ್ಕೇ ದಾರಿ ತಪ್ಪಿದ್ದೆ. ಗಾಬರಿ ಪುಟ್ಟಿ, ಗಾಬರಿ. ನೀನಿನ್ನೂ ನಿಮ್ಮಮ್ಮನ ಹೊಟ್ಟೆಲಿದ್ದೆ. ಮುಂದಿನ ತಿಂಗಳು ಅವಳನ್ನ ಹೆರಿಗೆಗೆ ಕರ್ಕೊಂಡು ಬರ್ಬೇಕು, ಬಾಣಂತಿ ಕೋಣೆ ಗೋಡೆ ನೋಡಿದ್ರೆ ಸೊಂಟದ ಮಟ ಒದ್ದೆ. ಎಳೇ ಕೂಸನ್ನ ಅದರ ಪಕ್ಕ ಮಲಗಿಸೋದು ಹೆಂಗೆ? ಬಣ್ಣ ಬಳಿಸ್ದೆ, ಹಪ್ಪಳದ ಹಾಗೆ ಎದ್ದು ಬಂತು. ಟೈಲ್ಸ್ ಅಂಟಿಸ್ದೆ, ತೇವ ಟೈಲ್ಸಿನ ತಲೆ ಮೇಲೆ ಹತ್ತಿ ಕೂತ್ಕೊಂತು.

ತಪ್ಪು ಯಾರದ್ದು ಅಂತ ನಂಗೆ ಗೊತ್ತಿತ್ತು ಬಿಡು. ಮನೆ ಕಟ್ಟಿಸಿದಾಗ... ಕಟ್ಟಿ ಮುಗಿದ್ಮೇಲೆ, ಊಟಿ ಬಂಗಲೆ ಥರ ಗೋಡೆಗೊತ್ತಿ ಗುಲಾಬಿ ಹಾಕ್ಬೇಕು ಅಂತ ಎರಡು ಗಾಡಿ ಮಣ್ಣು ಏರಿಸಿದ್ದೆ. ಗುತ್ಯಪ್ಪ, "ಅಕ್ಕಾ, ನೆಲದ ತೇವ ಮೇಲೇರಬಾರ್ದು ಅಂತ ಸಿಮೆಂಟಿನ ಪಟ್ಟಿ ಹಾಕಿದೀನಿ, ಅದನ್ನ ಹೂತ್ರೆ ಗೋಡೆ ನೀರು ಕುಡೀತದೆ" ಅಂದ. ನಾನು ಎಲ್ಲರೆದುರಿಗೇ, "ನೀನು ಊಟಿ ನೋಡಿದೀಯೇನಪ್ಪಾ?" ಅಂದೆ. ಗೃಹಪ್ರವೇಶದ ದಿನ ಮೇಸ್ತ್ರೀನ ಮಣೆ ಮೇಲೆ ಕೂರಿಸಿ, ಪಂಚೆ-ಶಲ್ಯ ಕೊಟ್ಟು ಉಣ್ಣಿಸ್ಬೇಕಲ್ಲ, ಕರೀಲೇ ಇಲ್ಲ. ಸಿಟ್ಟಲ್ಲಿ ಅವನ ಫೋನ್ ನಂಬರೂ ಅಳಿಸಿದ್ದೆ. ಅದಕ್ಕೇ ನೋಡು ಈ ಅಲೆದಾಟ!

ಅಂತೂ ಸಿಕ್ಕಿದ. ಕರೆದ ಕೂಡ್ಲೇ ಬಂದ. ಬಂದವನು ಗೋಡೆ ಮುಟ್ಟಿ ನೋಡ್ಲೂ ಇಲ್ಲ, ಸೀದಾ ಗುದ್ದಲಿ ತಗೊಂಡು ಗುಲಾಬಿ ಬುಡಕ್ಕೇ ಹಾಕ್ದ. ಮಣ್ಣು ತೆಗೆದು, ಗಾರೆ ಕೆತ್ತಿ, ಇಟ್ಟಿಗೆ ಬಿಸಿಲಿಗೆ ಬಿಟ್ಟ. "ಇವತ್ತೇ ಗಾರೆ ಮಾಡು ಮಾರಾಯ!" "ಒದ್ದೆ ಮೇಲೆ ಗಾರೆ ಮಾಡಿದ್ರೆ ತೇವಾನ ಒಳಗೇ ಕೂಡಿ ಹಾಕಿದಂಗೆ ಅಕ್ಕಾ. ಒಣಗ್ಲಿ." ಹಾಲಿನ ಪ್ಯಾಕೆಟ್ ಕತ್ತರಿಸಿ ಒಳಗೋಡೆಗೆ ಟೇಪ್ ಹಾಕಿ ಅಂಟಿಸ್ದ, "ಇದರಡಿ ಹನಿ ಕಟ್ಟೋದು ನಿಂತ ದಿನ ಕರೀರಿ" ಅಂತ. ದಿನಾ ಬೆಳಿಗ್ಗೆ ಮುಖ ತೊಳೆಯೋಕೂ ಮುಂಚೆ ಅಲ್ಲಿಗೇ ಓಡ್ತಿದ್ದೆ. ಹನಿ. ಮತ್ತೆ ಹನಿ. ನಿಮ್ಮಮ್ಮ ಫೋನಲ್ಲಿ "ಕೋಣೆ ಆಯ್ತೇನಮ್ಮಾ?" ಅಂದ್ರೆ, "ಹೂಂ ಹೂಂ, ಆಗ್ತಾ ಇದೆ" ಅಂತಿದ್ದೆ. ಒಂದಿನ ಮೋಡ ಕವೀತು ನೋಡು, ಗೋಡೆಗೆ ಹೊದಿಸೋಕೆ ಟಾರ್ಪಾಲು ಹುಡುಕ್ಕೊಂಡು ಓಡಿದೆ! ಸದ್ಯ, ಹನಿ ಹಾಕ್ಲಿಲ್ಲ. ಅವಳು ಬರೋಕೆ ಎಂಟು ದಿನ ಇದೆ ಅನ್ನೋವಾಗ ಪ್ಯಾಕೆಟ್ ಕಿತ್ತು ನೋಡ್ತೀನಿ, ಒಣ ಒಣ! ಗುತ್ಯಪ್ಪ ಬಂದು ನೀರು ತಡೆಯೋ ಪುಡಿ ಬೆರೆಸಿ ಗಾರೆ ಮಾಡ್ದ, ಅಂಗಳದ ನೀರು ಗೋಡೆ ಕಡೆ ಬರದಂಗೆ ಹೊರಗೆ ಇಳಿಜಾರು ಕೊಟ್ಟ.

ಕೆಲಸ ಮುಗಿದ ದಿನ ಟ್ರಂಕು ತೆಗೆದೆ. ಜಗಳಕ್ಕೆ ಮುಂಚೆನೇ ಅವನಿಗೆ ಅಂತ ತಂದಿಟ್ಟ ಪಂಚೆ ಅದರಲ್ಲೇ ಇತ್ತು. ಬಿಡಿಸಿದ್ರೆ ತುಂಬಾ ಕರಿ ಚುಕ್ಕೆ, ಬೂಷ್ಟು! ಟ್ರಂಕು ಇಷ್ಟು ವರ್ಷ ಇದ್ದಿದ್ದೂ ಅದೇ ಗೋಡೆಗೊತ್ತಿ. ಗುತ್ಯಪ್ಪ ಮೂಸಿ ನೋಡಿ, "ನನ್ನ ಪಂಚೆಗೂ ಗುಲಾಬಿ ನೀರೇ ಕುಡಿಸಿದ್ರಲ್ಲ ಅಕ್ಕಾ" ಅಂತ ನಕ್ಕ. "ಕೂತಿರು, ಏಳಬೇಡ" ಅಂದವಳೇ ಪೇಟೆಗೆ ಆಟೋ ಹತ್ತಿದೆ. ಹೊಸ ಪಂಚೆ, ಶಲ್ಯ ತಂದು, ಅವತ್ತು ಮಾತು ಕೇಳಿಸ್ಕೊಂಡಿದ್ದ ಅಕ್ಕಪಕ್ಕದವರನ್ನೆಲ್ಲ ಕರ್ದು, ಅದೇ ಕೋಣೆಲಿ ಮಣೆ ಹಾಕಿ ಕೂರಿಸಿ, "ಊಟಿ ನೋಡಿದ್ದೆ ಕಣಪ್ಪಾ, ಗೋಡೆ ನೋಡಿರ್ಲಿಲ್ಲ" ಅಂತ ಅವನ ಕೈಗಿಟ್ಟು ಹೋಳಿಗೆ ಬಡಿಸ್ದೆ. ಕೊಡಬೇಕಾದ್ದನ್ನ ಅವತ್ತೇ ಕೊಟ್ಟುಬಿಡು ಪುಟ್ಟಿ, ಟ್ರಂಕಿಗೆ ಹಾಕಬೇಡ.