ಒತೀಲಿಯಾ ಕಾದ ನಾಲ್ಕು ಎಣಿಕೆ

ನಮ್ಮ ಗ್ವಾಯಾಕೀಲ್ ಊರಿನ ಸಂಗೀತಗಾರರ ಸಂಘದ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಒತೀಲಿಯಾಳ ಮಗಳು ನಾರ್ಸಿಸಾ, ಜಾಗ ಸಾಲದೆ ನಿಂತಿರುವ ಮೀನು ಮಾರ್ಕೆಟ್ಟಿನ ಅಕ್ಕಂದಿರೇ — ಎಲ್ಲರಿಗೂ ನಮಸ್ಕಾರ. ಮೂರನೇ ಸಾಲಲ್ಲಿ ಕೋಟು ಹಾಕ್ಕೊಂಡು ಬೆವರ್ತಿರೋ ರೆಕಾರ್ಡ್ ಕಂಪನಿಯವರಿಗೂ ನಮಸ್ಕಾರ. ನಿಮ್ಮ ಹತ್ತಿರ ಆಮೇಲೆ ಬರ್ತೀನಿ.

ನಾನು ತೋಮಲಾ. ನಮ್ಮ ಗಾಯಕಿ ಒತೀಲಿಯಾ ಕೀಮಿಯ ಹಿಂದೆ ಕೂತು ನಲವತ್ತೊಂದು ವರ್ಷ ಡ್ರಮ್ ಬಾರಿಸಿದವನು. ಅವಳು ತೀರಿಕೊಂಡಳು ಅನ್ನೋಕೆ ಬಾಯಿ ಇನ್ನೂ ಒಪ್ತಿಲ್ಲ.

ಎಪ್ಪತ್ನಾಲ್ಕನೇ ಇಸವಿ. ನೀವೆಲ್ಲ ಬಲ್ಲ ಆ ಹಾಡಿನ ರೆಕಾರ್ಡಿಂಗು. ಫ್ಯಾನ್ ಹಾಕೋ ಹಾಗಿಲ್ಲ, ಮೈಕು ಅದರ ಸದ್ದನ್ನೂ ಹಿಡಿಯುತ್ತೆ. ಬೆವರು ಹೀಗೆ — ಹೀಗೆ ಇಳೀತಿದೆ. "ಬಾಗಿಲು ಹಾಕಲೇನು?" ಅಂತ ಹಾಡಿದವಳು ನಿಂತೇಬಿಟ್ಟಳು. ಒಂದು — ಎರಡು — ಪದ ಮರೆತಳು ಅಂದ್ಕೊಂಡೆ. ಅವಳ ಮಾನ ಉಳಿಸೋಣ ಅಂತ ಢಬ್ ಅಂತ ಬಾರಿಸಿದೆ. ತಿರುಗಿದಳು ನೋಡಿ!

"ಲೋ ತೋಮಲಾ, ನಿನ್ನ ಕೇಳಿದ್ನೇನೋ ನಾನು?"

"ಮರ್ತೆ ಅಂದ್ಕೊಂಡೆ ಕಣೇ."

"ಹಾಡಲ್ಲಿ ಬಿಟ್ಟು ಹೋದನಲ್ಲ, ಅವನನ್ನ ಕೇಳ್ತಿದೀನಿ. ಕೇಳಿದ ಮೇಲೆ ಉತ್ತರಕ್ಕೆ ಕಾಯ್ಬಾರ್ದಾ?"

ರೆಕಾರ್ಡ್ ಕಂಪನಿ ಧಣಿ ಗಾಜಿನ ಆಚೆಯಿಂದ ಕೂಗಿದ. "ಅಮ್ಮಾ, ರೇಡಿಯೋ ಕೆಟ್ಟೋಯ್ತು ಅಂತಾರೆ ಜನ! ಅಲ್ಲಿ ಪಿಟೀಲು ತುಂಬ್ಸೋಣ."

ಅವಳು ಚಪ್ಪಲಿ ಮೆಟ್ಟಿದಳು. "ಕಾಯೋದು ಬೇಡ ಅಂದ್ರೆ ಹಾಡೂ ಬೇಡ." ಧಣಿ ಸೋತ. ನಾಲ್ಕು ಎಣಿಕೆ ಮೌನ, ಆಮೇಲೆ — "ಇರಲಿ, ತೆರೆದೇ ಇರಲಿ."

ಧಣಿ ಅಂದಿದ್ದೂ ಪೂರ್ತಿ ಸುಳ್ಳಲ್ಲ. ಹೆಂಡದಂಗಡಿಗಳಲ್ಲಿ, ಕಾಸು ಹಾಕಿದ್ರೆ ಹಾಡೋ ಪೆಟ್ಟಿಗೆ ಕೆಟ್ಟಿತು ಅಂತ ನಮ್ಮ ಕುಡುಕರು ಅದರ ತಲೆಗೊಂದು ಗುದ್ದು ಕೊಟ್ಟರು. ಕೊಟ್ಟ ತಕ್ಷಣ ಅವಳು ಹಾಡಿದಳು! ಗುದ್ದಿದ್ದಕ್ಕೇ ಹಾಡಿದಳು ಅಂತ ನಂಬಿದರು ಪುಣ್ಯಾತ್ಮರು. ಇವತ್ತಿಗೂ ಮದುವೇಲಿ, ಬಸ್ಸಲ್ಲಿ, ಮೂರು ಎಣಿಸಿ ನಾಲ್ಕಕ್ಕೆ ಎಲ್ಲರೂ ಕೈಗೆ ಸಿಕ್ಕಿದ್ದನ್ನ ಗುದ್ದುತ್ತಾರೆ.

ಒಂದು ಸಲ ಐದು ದೋಣಿ ಕಡಲಿಂದ ಬರಲಿಲ್ಲ. ಹುಡುಕೋದು ನಿಲ್ಲಿಸಿದೀವಿ ಅಂದುಬಿಟ್ಟ ಅಧಿಕಾರಿ. ಇಲ್ಲಿ ನಿಂತಿದಾರಲ್ಲ, ಇದೇ ಅಕ್ಕಂದಿರು ಅವನ ಕಚೇರಿ ಮುಂದೆ ಹೋಗಿ ಈ ಹಾಡು ಹಾಡಿದರು. ನಾಲ್ಕನೇ ಎಣಿಕೆಗೆ ಮುನ್ನೂರು ಕೈ ಅವನ ಗೇಟಿನ ಮೇಲೆ! ಮಾರನೇ ದಿನ ಹುಡುಕೋ ದೋಣಿಗಳು ಮತ್ತೆ ಹೊರಟವು. ಮೂವರು ಬದುಕಿ ಬಂದರು.

ಈಗ ಕಂಪನಿಯವರ ಹತ್ತಿರ ಬಂದೆ. ಹಾಡಿಗೆ ಐವತ್ತು ವರ್ಷ ತುಂಬಿತು ಅಂತ ಆ ಮೌನಕ್ಕೆ ಪಿಟೀಲು ತುರುಕಿ ಮತ್ತೆ ಬಿಡ್ತಾರಂತೆ. ಈಗಿನ ಜನಕ್ಕೆ ಕಾಯೋ ತಾಳ್ಮೆ ಇಲ್ಲವಂತೆ. ಅವಳ ಒಂಬತ್ತನೇ ದಿನದ ಪ್ರಾರ್ಥನೆ ಮುಗಿಯೋ ಮೊದಲೇ ನಾರ್ಸಿಸಾ ಮುಂದೆ ಒಪ್ಪಿಗೆ ಕಾಗದ ಹಿಡಿದಿದ್ದಾರೆ.

ಸ್ವಾಮೀ, ನಿಮ್ಮನ್ನ ಕೇಳಿದಳೇನು ಅವಳು?

ನಾರ್ಸಿಸಾ, ಸಹಿ ನಿನ್ನದು. ಬಲವಂತ ಮಾಡೋಕೆ ನಾನ್ಯಾರು? ಆದರೆ ಪೆನ್ನು ಹಿಡಿಯೋ ಮುಂಚೆ ಒಂದ್ಸಲ ಹಿಂದೆ ತಿರುಗಿ ಈ ಸಭೆ ನೋಡು ಮಗಳೇ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೋಟಿನವರೇ, ನೀವೂ ಏಳಿ. ಬೇರೆಯವರಿಗೆಲ್ಲ ಎರಡು ನಿಮಿಷ ಮೌನ. ಇವಳಿಗೆ ನಾಲ್ಕೇ ಎಣಿಕೆ. ನಾಲ್ಕಕ್ಕೆ ಮುಂದಿನ ಕುರ್ಚಿ ಬೆನ್ನಿಗೆ ಕೊಡಿ ಒಂದು ಗುದ್ದು, ಊರಿಗೆಲ್ಲ ಕೇಳಿಸಲಿ. ನಾನು ಈ ಸಲ ಅವಸರ ಮಾಡಲ್ಲ ಕಣೇ, ನಿನ್ನಾಣೆ.

ಒತೀಲಿಯಾ — ಬಾಗಿಲು ಹಾಕಲೇನು?